ಕಾಕಾ ಬರೆದ ಅಜ್ಜನವರ ಚರಿತ್ರೆ

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಸುಳ್ಳೂ ಹೇಳಿದವರಲ್ಲ. ಬರೆದದ್ದು ಮಾತ್ರ ಒಮ್ಮೆ, ಅದೂ ನೂರು ಪುಟ!

ಎಪ್ಪತ್ತರ ದಶಕದಲ್ಲಿ ಅವರು ಇಂಡಿ ಪಟ್ಟಣದಲ್ಲಿ ಶಾಲಾ ಮಾಸ್ತರರು. ಸಿಂದಗಿ ಕಡೆಯ ಸಾಧು ಅಜ್ಜನವರೊಬ್ಬರು ತೀರಿಕೊಂಡಾಗ, ಬೇರೆ ಯಾರಾದರೂ ಅವರ ಚರಿತ್ರೆ ಬರೆದುಬಿಟ್ಟಾರೆಂದು ಕಾಕಾ ಶಾಲೆಗೆ ರಜೆ ಹಾಕಿ ಕೂತರು. ಅಜ್ಜನವರದು ಕುರಿ ಕಾಯುವವರ ಮನೆತನ. ಅವರು ಹುಟ್ಟಿದ ಗಳಿಗೆಯಲ್ಲಿ ಹಟ್ಟಿಯ ಕುರಿಗಳೆಲ್ಲ ಮೊಣಕಾಲೂರಿ ನಮಸ್ಕರಿಸಿದವಂತೆ. ಇದನ್ನು ನಿಮಗೆ ಹೇಳಿದವರು ಯಾರು ಎಂದು ಕಾಕಿ ಕೇಳಿದರು. ಕಾಕಾ ಪುಟ ತಿರುವಿದರು. ಕುರಿಗಳನ್ನೇ ಕೇಳಿರಬೇಕು, ಮತ್ಯಾರನ್ನು?

ಮುಂದಿನ ಪುಟದಲ್ಲಿ ಅಜ್ಜನವರು ವರ್ಷಗಟ್ಟಲೆ ಎಲೆ ತಿಂದು ಬದುಕಿದರು. ನಮ್ಮನೆಗೆ ಬಂದಾಗ ರೊಟ್ಟಿ, ಪುಂಡಿಪಲ್ಯ ಕೇಳಿ ಹಾಕಿಸಿಕೊಂಡು ಉಂಡಿದ್ದನ್ನು ಕಾಕಿ ನೆನಪಿಸಿದರು.

“ಪುಂಡಿ ಎಲಿ ಅಲ್ಲೇನು?” ಎಂದು ಕಾಕಾ ಮುಂದಿನ ಸಾಲಿಗೆ ಹೋದರು.

ಪುಸ್ತಕ ಅಚ್ಚಾಯಿತು. ಅದನ್ನೋದಿದ ಚಿತ್ರಕಾರನೊಬ್ಬ ಅಜ್ಜನವರ ಪಟ ಬರೆದ. ಮುಖ ಎಷ್ಟು ಬಿಗಿಯೆಂದರೆ ನೋಡಿದ ಮಕ್ಕಳು ಅಳುತ್ತಿದ್ದವು. ಅಜ್ಜನವರ ಜೊತೆ ಓಡಾಡಿದ ಮುದುಕರು ಕುರಿ ನಮಸ್ಕರಿಸಿದ್ದನ್ನು ಕಣ್ಣಾರೆ ಕಂಡೆವೆನ್ನತೊಡಗಿದರು. ಕೊನೆಗೆ ಕಾಕಿಯೇ ಬೀಗರೆದುರು, ನಮ್ಮನೆಯಲ್ಲಿ ಅಜ್ಜನವರು ರೊಟ್ಟಿಯನ್ನು ಮುಟ್ಟಲೂ ಇಲ್ಲ ಎಂದುಬಿಟ್ಟರು!

ಹೀಗಿರುವಾಗ ಅಜ್ಜನವರ ತಂಗಿ ಸಿಂದಗಿ ಬಸ್ಸು ಹತ್ತಿ ಬಂದರು. ಓದು ಬಾರದ ವೃದ್ಧೆ. ಅಣ್ಣನ ಚರಿತ್ರೆ ಕೇಳಬೇಕೆಂದರು. ಕಾಕಾ ಧೋತರ ಸರಿಮಾಡಿಕೊಂಡು, ದನಿ ಏರಿಸಿ ಇಳಿಸಿ ಓದಿದರು. ಆಕೆ ಕೈಮುಗಿದು ಕೊನೆಯವರೆಗೂ ಕೇಳಿದರು.

“ಭಾಳ ಚೊಲೋ ಬರದೀರಿ. ಇವರು ಯಾವೂರಿನವರ್ರಿ?”

ಕಾಕಾ ತಬ್ಬಿಬ್ಬಾದರು. ಇವರು ನಿಮ್ಮಣ್ಣನೇ ಎಂದು ಬಿಡಿಸಿ ಹೇಳಿದರು.

“ಅಲ್ಲರಿ,” ಎಂದರು ಆಕೆ ಮೆಲ್ಲಗೆ. “ನಮ್ಮಣ್ಣ ಭಾಳ ನಗತಿದ್ದ. ಇವರು ಒಮ್ಮಿನೂ ನಗಲಿಲ್ಲ.”

ಚಿಕ್ಕವಳಿದ್ದಾಗ ಕಾಲಿಗೆ ಮುಳ್ಳು ನೆಟ್ಟರೆ ಅಣ್ಣ ಬೆನ್ನ ಮೇಲೆ ಹೊತ್ತು, ಒಂಟೆಯ ಹಾಗೆ ಓಲಾಡುತ್ತ ಮನೆಗೆ ತರುತ್ತಿದ್ದುದನ್ನು ಆಕೆ ಹೇಳಿದರು. ನಕ್ಕು ನಕ್ಕು ಇಬ್ಬರೂ ದಾರಿಯಲ್ಲೇ ಬೀಳುತ್ತಿದ್ದರಂತೆ. ಹೇಳುತ್ತ ನಕ್ಕವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಕಾ ಅಂದು ಊಟ ಮಾಡಲಿಲ್ಲ.

ಎರಡನೇ ಮುದ್ರಣದಲ್ಲಿ ಒಂದು ಪುಟ ಹೆಚ್ಚಾಯಿತು. ಅದರ ಪ್ರತಿ ಹಿಡಿದು ಕಾಕಾ ತಾವೇ ಸಿಂದಗಿಗೆ ಹೋದರು, ಜೊತೆಗೆ ನಾನೂ. ಆ ಪುಟವನ್ನು ಈ ಸಲ ದನಿ ಏರಿಸದೆ ಓದಿದರು. ಆಕೆ ಮತ್ತೊಮ್ಮೆ ಓದಿಸಿಕೊಂಡು, ಹಾಳೆಯ ಮೇಲೆ ಅಂಗೈ ಇಟ್ಟರು.

“ಈಗ ಬಂದ ನೋಡ್ರಿ ನಮ್ಮಣ್ಣ.”