ಮೊಲದ ಕೊಂಬಿನ ಸಿರಪ್

ಹೆಂಡತಿ: ಇದೆಯಂತೆ ರೀ! ಮೊಲದ ಕೊಂಬಿನ ಸಿರಪ್ಪೂ ಇದೆಯಂತೆ!

ಗಂಡ: ಹೂಂ.

ಹೆಂಡತಿ: ಏನು ಹೂಂ? ಮೊಲಕ್ಕೆ ಕೊಂಬಿರುತ್ತಾ?

ಗಂಡ: ಹೂಂ... ಅಂದ್ರೆ, ಕೆಲವಕ್ಕೆ ಇರಬಹುದು.

ಹೆಂಡತಿ: ನಿಮ್ಮನ್ನ ಕೇಳಿದ್ದು ನನ್ನ ತಪ್ಪು. ಗೋಡೆಗಾದ್ರೂ ಕಿವಿ ಇರುತ್ತಂತೆ.

(ಭಾನುವಾರ ಮಧ್ಯಾಹ್ನ. ಊಟದ ಮೇಜಿನ ಈ ತುದಿಯಲ್ಲಿ ಹೆಂಡತಿಯ ಲ್ಯಾಪ್‌ಟಾಪ್, ಆ ತುದಿಯಲ್ಲಿ ಗಂಡನದು. ನಡುವೆ ಗಂಡನ ತಾಯಿ, ಅಂದರೆ ಅತ್ತೆ, ಬಟಾಣಿ ಸುಲಿಯುತ್ತಾ ಕೂತಿದ್ದಾರೆ. ಗಂಡ ಹೆಂಡತಿ ದುಡಿಯುವುದು ಬೇರೆ ಬೇರೆ ಸಾಫ್ಟ್‌ವೇರ್ ಕಂಪನಿಗಳಲ್ಲಿ. ಆಫೀಸಿನ ಗುಟ್ಟನ್ನು ಮನೆಯಲ್ಲೂ ಬಾಯಿ ಬಿಡುವುದಿಲ್ಲವೆಂದು ಇಬ್ಬರೂ ಸಹಿ ಹಾಕಿ ಕೊಟ್ಟಿದ್ದಾರೆ. ಮನೆಯ ಗುಟ್ಟಿಗೆ ಯಾರೂ ಸಹಿ ಕೇಳಿಲ್ಲ, ಹಾಗಾಗಿ ಅದು ಇಡೀ ಬೀದಿಗೆ ಗೊತ್ತು.)

ಅತ್ತೆ: ಯಾಕಮ್ಮ, ಬೆಳಿಗ್ಗೆಯಿಂದ ಅದರ ಜೊತೆ ಜಗಳ ಆಡ್ತಿದ್ದೀಯ?

ಹೆಂಡತಿ: ಗುಟ್ಟು ಅತ್ತೆ, ಹೆಸರು ಹೇಳೋ ಹಾಗಿಲ್ಲ. ಒಂದು ಆಸ್ಪತ್ರೆ ಅಂತಿಟ್ಕೊಳ್ಳಿ. ಡಾಕ್ಟ್ರು ಔಷಧಿ ಬರೆದ ತಕ್ಷಣ ನಮ್ಮ ಆ್ಯಪು ಔಷಧಿ ಅಂಗಡಿಯ ಸರ್ವರ್‌ನ ಕೇಳುತ್ತೆ, 'ಇದು ಇದೆಯಾ?' ಅಂತ. ನಾಳೆ ಹತ್ತು ಗಂಟೆಗೆ ನಾನು ದೊಡ್ಡ ಡಾಕ್ಟ್ರಿಗೆ ಅದನ್ನ ತೋರಿಸ್ಬೇಕು.

ಅತ್ತೆ: ತೋರಿಸು. ಅದಕ್ಕೇನು?

ಹೆಂಡತಿ: ಅವರು ಅಂಗಡೀಲಿ ಇಲ್ಲದ ಔಷಧಿಯನ್ನೇ ಕೇಳ್ತಾರಂತೆ. 'ಇಲ್ಲ' ಅಂತ ಉತ್ತರ ಬಂದ್ರೆ ಮಾತ್ರ ಒಪ್ಪಿಗೆ. ಇಲ್ದಿದ್ರೆ ಕೆಲಸ ಬೇರೆಯವರ ಕೈಗೆ. ಮೂರು ತಿಂಗಳ ನನ್ನ ಕಷ್ಟ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಅತ್ತೆ: ಅಂಗಡಿಯವನು ಇಲ್ಲ ಅನ್ನೋದೇ ಇಲ್ವಾ?

ಹೆಂಡತಿ: ಏನು ಕೇಳಿದ್ರೂ ಸರ್ವರ್ ಭಾಷೇಲಿ 'ಎಲ್ಲ ಸರಿ' ಅನ್ನೋ ನಂಬರು: '೨೦೦, ಓಕೆ. ಇದೆ, ಎರಡು ದಿನದಲ್ಲಿ ಕಳಿಸ್ತೀವಿ.' ಆಕಾಶಕ್ಕೆ ಏಣಿ ಬೇಕು ಅಂತ ಬರೆದೆ. ಅದೂ ಇದೆಯಂತೆ.

ಅತ್ತೆ: ಒಳ್ಳೆ ಅಂಗಡಿ! ಅಡ್ರೆಸ್ ಕೊಡೆ.

ಹೆಂಡತಿ: ಅದು ನಿಜವಾದ ಸರ್ವರೇ ಅಲ್ಲ ಅಂತ ನನಗೆ ಅನುಮಾನ. ಯಾರೋ ಸ್ಟಬ್ ಇಟ್ಟು ಕೂತಿದ್ದಾರೆ.

ಅತ್ತೆ: ಡಬ್ಬಾನಾ?

ಹೆಂಡತಿ: ಡಬ್ಬ ಅಲ್ಲ ಅತ್ತೆ, ಸ್ಟಬ್. ನಿಜವಾದ ಸರ್ವರ್ ರೆಡಿ ಆಗೋ ತನಕ ಟೆಸ್ಟ್ ಮಾಡೋಕೆ ಅದರ ಜಾಗದಲ್ಲಿ ಒಂದು ಸುಳ್ಳು ಸರ್ವರ್ ಕೂರಿಸ್ತೀವಿ. ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಮೊದಲೇ ಬರೆದಿಟ್ಟಿರ್ತೀವಿ. ಅದು ಯೋಚನೆ ಮಾಡಲ್ಲ, ಬರೆದಿದ್ದನ್ನ ಒಪ್ಪಿಸುತ್ತೆ ಅಷ್ಟೇ.

ಅತ್ತೆ: ಅದನ್ನೇ ನಾನೂ ಅಂದಿದ್ದು. ಖಾಲಿ ಡಬ್ಬ.

(ಆ ತುದಿಯಿಂದ ಗಂಡ ತಲೆ ಎತ್ತುತ್ತಾನೆ. ಬೆಳಗಿನ ಕಾಫಿಯ ನಂತರ ಇದೇ ಮೊದಲ ಸಲ.)

ಗಂಡ: ಹಾಗೆಲ್ಲ ಹಗುರವಾಗಿ ಮಾತಾಡ್ಬಾರ್ದು. ಸ್ಟಬ್ ಇಟ್ಟವರಿಗೂ ಅವರವರ ಕಷ್ಟ ಇರುತ್ತೆ.

ಹೆಂಡತಿ: ಅಬ್ಬಾ, ಬಾಯಿ ಬಂತು! ಯಾರೋ ಗುರುತಿಲ್ಲದವರ ಮೇಲೆ ಎಷ್ಟು ಕನಿಕರ ನೋಡಿ ಅತ್ತೆ.

ಗಂಡ: ಗೋಳು ನಮಗೂ ಇದೆ ಕಣೆ. ನಾವೂ ಇನ್ನೊಂದು ಕಂಪನಿ ಸರ್ವರ್‌ನ ಕೇಳ್ತೀವಿ, 'ಈ ಚೀಟಿ ಯಾವ ರೋಗಿಗೆ?' ಅಂತ. ಮೂರು ತಿಂಗಳಿಂದ ಒಬ್ಬನೇ ರೋಗಿ. ಬೇರೆ ಯಾರಿಗೂ ಒಂದು ನೆಗಡಿ ಕೂಡ ಬಂದಿಲ್ಲ.

ಅತ್ತೆ: ಅವನಿಗೇನಂತೆ, ಪಾಪ?

ಗಂಡ: (ಪರದೆ ನೋಡಿ ಓದುತ್ತಾ) 'ರೋಗಿ: ಗಂಡ. ವಯಸ್ಸು: ನಲವತ್ತೊಂದು. ಲಕ್ಷಣ: ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದು. ಕಿವಿ: ಚೆನ್ನಾಗಿದೆ, ಕೆಲಸ ಹೇಳಿದಾಗ ಮಾತ್ರ ಕೇಳಿಸುವುದಿಲ್ಲ.' ಎಂಥ ಘಟವಾಣಿ ಇರ್ಬೇಕು ಇದನ್ನ ಬರೆದವಳು! ಅವಳ ಗಂಡ ಯಾವ ಜನ್ಮದಲ್ಲಿ ಪಾಪ ಮಾಡಿದ್ನೋ.

(ಹೆಂಡತಿಯ ಬೆರಳು ಕೀಲಿಮಣೆಯ ಮೇಲೆ ನಿಂತುಬಿಡುತ್ತದೆ. ಅವಳು ನಿಧಾನವಾಗಿ ಕನ್ನಡಕ ಸರಿಮಾಡಿಕೊಳ್ಳುತ್ತಾಳೆ.)

ಹೆಂಡತಿ: ರೀ... ಈ ಅಂಗಡಿಯ ಉತ್ತರಾನ ನಾನೂ ಪೂರ್ತಿ ಓದ್ಲಾ? 'ಇದೆ, ಎರಡು ದಿನದಲ್ಲಿ ಕಳಿಸ್ತೀವಿ. ಬಳಸುವ ಕ್ರಮ: ಹೆಂಡತಿ ಮಾತು ಮುಗಿಸಿದ ನಂತರ. ಎಚ್ಚರಿಕೆ: ಅಷ್ಟರಲ್ಲಿ ಔಷಧಿಯ ಅವಧಿ ಮುಗಿದಿರಬಹುದು.'

(ಈಗ ಗಂಡನ ಕಿವಿ ಕೆಂಪಾಗುವ ಸರದಿ.)

ಅತ್ತೆ: ಲೋ, ಆ ಒದ್ದೆ ಟವೆಲು ನಮ್ಮನೇದು ಕಣೋ! ಆ ಮುಗಿಯದ ಮಾತೂ ನಮ್ಮನೇದೇ!

ಹೆಂಡತಿ: ಅಂಗಡಿ ನೀವಾ?

ಗಂಡ: ಆಸ್ಪತ್ರೆ ನೀನಾ?

ಹೆಂಡತಿ: ಹಾಗಾದ್ರೆ ಪ್ರತಿ ಸೋಮವಾರ 'ಗೌರವಾನ್ವಿತರೇ, ತಮ್ಮ ತಾಳ್ಮೆಗೆ ನಾವು ಋಣಿ' ಅಂತ ಮೇಲ್ ಹಾಕ್ತಿದ್ದೋರು?

ಗಂಡ: ನಾನೇ. ಕೆಳಗೆ 'ತಾಂತ್ರಿಕ ವಿಭಾಗ' ಅಂತ ಹಾಕ್ತಿದ್ದೆ, ಹೆಸರು ಹಾಕೋ ಹಾಗಿಲ್ವಲ್ಲ. 'ತಮ್ಮ ಸೌಜನ್ಯ ಮರೆಯಲಾರೆವು' ಅಂತ ಉತ್ತರ ಬರೀತಿದ್ದೋಳು?

ಹೆಂಡತಿ: ನಾನೇ. ಎಂಥ ಸಂಭಾವಿತರು, ಇಂಥವರನ್ನ ಕಟ್ಕೊಂಡವಳು ಪುಣ್ಯ ಮಾಡಿರ್ಬೇಕು ಅಂದ್ಕೊಂಡಿದ್ದೆ.

ಗಂಡ: ಮಾಡಿದ್ದೀಯ ಬಿಡು.

ಹೆಂಡತಿ: ನಗಬೇಡಿ! ನಿಜವಾದ ಸರ್ವರ್ ಎಲ್ಲಿ?

ಗಂಡ: ಬರೆದು ಮಡಗಿದ್ದೀನಿ. ಆಸ್ಪತ್ರೆ ಕಡೆಯವರು ಮೊದಲು ಮುಗಿಸ್ಲಿ, ಆಮೇಲೆ ಬಿಡೋಣ ಅಂತ... ನಿಂದು?

ಹೆಂಡತಿ: ಅಂಗಡಿ ಕಡೆಯವರು ಮೊದಲು ಮುಗಿಸ್ಲಿ, ಆಮೇಲೆ...

ಗಂಡ: ಅದಕ್ಕೇ ಎಲ್ಲ ಟೆಸ್ಟೂ ಪಾಸಾಗ್ತಿತ್ತು! ನಾನು ನಿನ್ನ ಸುಳ್ಳಿನ ಮೇಲೆ ಪರೀಕ್ಷೆ ಮಾಡ್ದೆ, ನೀನು ನನ್ನ ಸುಳ್ಳಿನ ಮೇಲೆ.

ಅತ್ತೆ: ಮೂರು ತಿಂಗಳು ಎರಡು ಡಬ್ಬಗಳು ಮಾತಾಡ್ಕೊಂಡಿವೆ, ಒಂದು ದಿನಾನೂ ಜಗಳ ಆಡಿಲ್ಲ. ನೋಡಿ ಕಲೀರಿ.

(ಮೂವರೂ ನಗುತ್ತಾರೆ. ಮೊದಲು ನಗು ನಿಲ್ಲುವುದು ಹೆಂಡತಿಯದು.)

ಹೆಂಡತಿ: ನಗೋಕೇನು, ನಾಳೆ ಹತ್ತು ಗಂಟೆಗೆ ನಿಂತ್ಕೊಳ್ಳೋಳು ನಾನು. ಆ ಕೋಣೇಲಿ ಹನ್ನೆರಡು ಜನ ಇರ್ತಾರೆ. ಮೊಲದ ಕೊಂಬು ಇದೆ ಅಂತ ನನ್ನ ಆ್ಯಪು ಹೇಳಿದ್ರೆ... ನನಗೆ ಅಳು ಬರ್ತಿದೆ ರೀ.

(ಗಂಡ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು, ಕುರ್ಚಿ ಎಳೆದುಕೊಂಡು ಹೆಂಡತಿಯ ಪಕ್ಕ ಬಂದು ಕೂರುತ್ತಾನೆ. ಸಹಿ ಹಾಕಿದ್ದು ಇಬ್ಬರಿಗೂ ಮರೆತುಹೋಗುತ್ತದೆ. ಆಮೇಲೆ ಎರಡು ಗಂಟೆ ಆ ಮನೆಯಲ್ಲಿ ಕೇಳಿಸಿದ್ದು ಇಷ್ಟೇ.)

— ಔಷಧಿ ಹೆಸರಿನ ಕೊನೇಲಿ ಒಂದು ಖಾಲಿ ಜಾಗ ಬಿಟ್ಟಿದ್ದೀಯ.

— ಬಿಟ್ಟಿದ್ದಲ್ಲ, ನೀವು ಕೇಳಿದ್ದಿರಿ. ಎರಡನೇ ಮೇಲ್ ನೋಡಿ.

— ಅದು ನಾನಲ್ಲ.

— ಮತ್ಯಾರು, ನಿಮ್ಮ ತಾಂತ್ರಿಕ ವಿಭಾಗಾನಾ?

— ...ಹೌದು, ನಾನೇ.

— ಆಹಾ! ತಪ್ಪು ಒಪ್ಕೊಂಡ್ರು ಅತ್ತೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

(ಬಟಾಣಿ ಮುಗಿದು, ಅತ್ತೆ ಸಿಪ್ಪೆಯನ್ನು ಕಾಗದದಲ್ಲಿ ಕಟ್ಟುವ ಹೊತ್ತಿಗೆ ಗಂಡ ಬೆನ್ನು ನೆಟ್ಟಗೆ ಮಾಡುತ್ತಾನೆ.)

ಗಂಡ: ನನ್ನ ಸ್ಟಬ್ ತೆಗೆದೆ. ನಿಜವಾದ್ದು ಹಾಕಿದೆ. ಕೇಳು ಈಗ.

ಹೆಂಡತಿ: ಅತ್ತೆ, ನೀವು ಹೇಳಿ, ನಾನು ಬರೀತೀನಿ. ಯಾವ ಅಂಗಡೀಲೂ ಸಿಗದಂಥ ಔಷಧಿ ಆಗ್ಬೇಕು.

ಅತ್ತೆ: ನಲವತ್ತೊಂದು ವರ್ಷದಿಂದ ಒಂದನ್ನ ಹುಡುಕ್ತಾನೇ ಇದ್ದೀನಿ. ಬರಿ: 'ಮಗನಿಗೆ ಬುದ್ಧಿ ಬರೋ ಮಾತ್ರೆ.'

ಗಂಡ: ಅಮ್ಮಾ!

(ಹೆಂಡತಿ ಬರೆಯುತ್ತಾಳೆ, ಕಣ್ಣು ಮುಚ್ಚಿ ಗುಂಡಿ ಒತ್ತುತ್ತಾಳೆ. ಪರದೆಯ ಮೇಲೆ ಉತ್ತರ ಮೂಡುತ್ತದೆ: '೪೦೪. ಇಲ್ಲ.')

ಹೆಂಡತಿ: ಇಲ್ಲ ಅಂತು! ಅತ್ತೆ, ಇಲ್ಲ ಅಂತು! ಬದುಕಿಕೊಂಡೆ!

ಗಂಡ: ಈಗ ಒಪ್ತೀಯೇನಮ್ಮ, ಇದು ನಿಜವಾದ ಅಂಗಡಿ ಅಂತ?

ಅತ್ತೆ: ಒಪ್ಪದೆ ಏನು ಮಾಡ್ಲಿ ಕಣಪ್ಪ. ಆ ಡಬ್ಬಾನೇ ಇದ್ದಿದ್ರೆ, ಇನ್ನೆರಡು ದಿನದಲ್ಲಿ ಬರುತ್ತೆ ಅಂತ ಕಾಯ್ಕೊಂಡಾದ್ರೂ ಇರ್ತಿದ್ದೆ.