ಸೋದರಮಾವನ ಕಾರು

ಬಸವಂತ್ರಾಯರ ಕಾರು ಬಿಸಿಯಾದರೆ ನಿಲ್ಲುತ್ತಿತ್ತು. ಶಹಾಪುರಕ್ಕೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಒಪ್ಪದೆ ಉಳಿದವರು ಬಸವಂತ್ರಾಯರೊಬ್ಬರೇ. ಅರವತ್ತೆಂಟನೆಯ ಇಸವಿಯ, ದುಂಡು ಹಣೆಯ, ಕೆನೆಬಣ್ಣದ ಆ ಕಾರು ಅವರ ತಂದೆಯ ಕಾಲದ್ದು. ಅಂಥದ್ದು ಜಿಲ್ಲೆಯಲ್ಲೇ ಇನ್ನೊಂದಿಲ್ಲ ಎಂಬುದು ಅವರ ಹೆಮ್ಮೆ. ಇನ್ನೊಂದಿಲ್ಲದಿರುವುದು ದೇವರ ದಯೆ ಎಂಬುದು ಅವರ ಹೆಂಡತಿ ಸೌಭಾಗ್ಯಳ ಅಭಿಪ್ರಾಯ.

ಅವತ್ತು ಸುರಪುರದಲ್ಲಿ ಬಸವಂತ್ರಾಯರ ತಂಗಿಯ ಮಗಳ ಮದುವೆ. ವರ ದೇವಿಂದ್ರ ಶಹಾಪುರದವನೇ. ಮದುಮಗನನ್ನು ಹಂದರಕ್ಕೆ ಕರೆತರುವ ಹಕ್ಕು ಮದುಮಗಳ ಸೋದರಮಾವನದು ಎಂಬುದು ಆ ಮನೆತನದ ಪದ್ಧತಿ. ಮದುಮಗಳ ಚಿಕ್ಕಪ್ಪ ಅಂಬ್ರಪ್ಪ ಮೊನ್ನೆ ತಾನೇ ಬಿಳಿಯ ಹೊಸ ಕಾರು ತಗೊಂಡಿದ್ದ. ಅದನ್ನು ಕಳಿಸಲೇ ಎಂದು ಫೋನಿನಲ್ಲಿ ಕೇಳಿದಾಗ ಬಸವಂತ್ರಾಯರು ಸಿಡಿದರು.

"ನಾನಿನ್ನೂ ಜೀವಂತ ಅದೀನಿ! ನಮ್ಮಪ್ಪನ ಕಾರಿನಾಗೇ ತರ್ತೀನಿ."

ಬೆಳಿಗ್ಗೆ ಹೆಣ್ಣುಮಕ್ಕಳ ಜೊತೆ ಟೆಂಪೋ ಹತ್ತುವಾಗ ಸೌಭಾಗ್ಯ ಗಂಡನನ್ನು ಪಕ್ಕಕ್ಕೆ ಕರೆದಳು. "ಇವತ್ತ ಬೀಗರ ಮುಂದ ಈ ಕಾರು ಮರ್ಯಾದಿ ಕಳೀತಂದ್ರ ನಾಳಿಗಿ ಗುಜರಿಗಿ ಹಾಕಬೇಕು. ಆಣಿ ಮಾಡ್ರಿ."

ಬಸವಂತ್ರಾಯರು ಬಾನೆಟ್ಟಿನ ಮೇಲೆ ಕೈಯಿಟ್ಟು ಆಣೆ ಮಾಡಿದರು.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಅಕ್ಷತೆ. ಹತ್ತಕ್ಕೆಲ್ಲ ಕಾರು ಹೊರಟಿತು. ಮುಂದಿನ ಸೀಟಿನಲ್ಲಿ ದೇವಿಂದ್ರನ ಗೆಳೆಯ ಅಸದ, ಹಿಂದೆ ಒಬ್ಬನೇ ಮದುಮಗ. ಒಳಗನ್ನಡಿಯ ಮೇಲೆ ಚೆಂಡುಹೂವಿನ ಹಾರ ಎಷ್ಟು ದಪ್ಪಗೆ ಇಳಿಬಿದ್ದಿತ್ತೆಂದರೆ, ಅದರಲ್ಲಿ ಹೂವಿನ ಹೊರತು ಏನೂ ಕಾಣುತ್ತಿರಲಿಲ್ಲ.

ಊರು ದಾಟಿ ಕಾಲುವೆಯ ಸೇತುವೆ ಬರುವಷ್ಟರಲ್ಲಿ ಕಾರು ಎರಡು ಸಲ ಬಿಕ್ಕಿ ನಿಂತೇಬಿಟ್ಟಿತು.

ಗದ್ದೆಗೆ ನೀರು ಬಿಡುತ್ತಿದ್ದವನೊಬ್ಬ ಸಲಿಕೆ ಹೆಗಲಿಗೇರಿಸಿ ಬಂದ. "ಕಾಯಿಲ್ ಕಾದೈತ್ರಿ. ತಣ್ಣೀರ ಅರಿವಿ ಸುತ್ತ್ರಿ."

ಮದುವೆಗೆಂದು ತಂದ ಹೊಸ ಶಲ್ಯ ಕಾಲುವೆಯಲ್ಲಿ ಮುಳುಗಿ ಬಂದು ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲಿಗೆ ಸುತ್ತಿಕೊಂಡಿತು. ಅಷ್ಟರಲ್ಲಿ ಬೈಕಿನವನೊಬ್ಬ ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಟಾಂಕಿಯ ಮುಚ್ಚಳ ತೆಗೆದು ಮೂಸಿ, ಮುಚ್ಚಿ ಹೋದ. ಕಾರು ಚಾಲೂ ಆಯಿತು. ಸಲಿಕೆಯವನು ಎದೆಯುಬ್ಬಿಸಿ ಗದ್ದೆಗಿಳಿದ.

ಐದಾರು ಮೈಲಿ ಹೋಗುವುದರಲ್ಲಿ ಮತ್ತೆ ಅದೇ ಕತೆ. ಈ ಸಲ ಕಬ್ಬಿನ ಹಾಲಿನ ಗಾಡಿಯವನು ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪುಟ್ಟ ಪಂಪಿಗೆ ಐಸ್ ಕಟ್ಟಿದ. "ಪೆಟ್ರೋಲ್ ಒಳಗೇ ಕುದಿಲಾಕತ್ತೈತ್ರಿ." ಅಸದ ಸುಮ್ಮನಿರಲಾರದೆ ಟಾಂಕಿಯ ಮುಚ್ಚಳ ತೆಗೆದು ಇಣುಕಿದ. ಕಾರು ಚಾಲೂ ಆಯಿತು. ಗಾಡಿಯವನು ತನ್ನ ಐಸಿನ ಮಹಿಮೆಯನ್ನು ಗಿರಾಕಿಗಳಿಗೆ ಹೇಳತೊಡಗಿದ.

ಮೂರನೆಯ ಸಲ ಕಾರು ನಿಂತದ್ದು ಹತ್ತಿಗೂಡೂರ ದಾಟಿ, ಸುಲ್ತಾನಸಾಬನ ಪಂಕ್ಚರ್ ಅಂಗಡಿಯ ಮುಂದೆ. ಹೊತ್ತು ಹನ್ನೊಂದೂವರೆ. ಬಸವಂತ್ರಾಯರು ಚಾವಿ ತಿರುವಿ ತಿರುವಿ ಬ್ಯಾಟರಿಯನ್ನೂ ಸಾಯಿಸಿದರು. ಅವರ ಕಣ್ಣ ಮುಂದೆ ಗುಜರಿಯ ತಕ್ಕಡಿ ತೂಗಾಡತೊಡಗಿತ್ತು.

ಸುಲ್ತಾನಸಾಬ ಮುದುಕ, ಅವಸರದವನಲ್ಲ. ಬೀಡಿ ಆರಿಸಿ ಕೇಳಿದ, "ಎರಡ ಸಲ ನಿಂತು ಮತ್ತ ಚಾಲೂ ಆತಲ್ಲ, ಆವಾಗ ಏನೇನ ಮಾಡಿದ್ರಿ? ಒಂದೂ ಬಿಡಲಾರ್ದ ಹೇಳ್ರಿ."

ಬಸವಂತ್ರಾಯರು ಶಲ್ಯ, ಐಸ್ ಎಂದು ಹೇಳಿದರು. ಅಸದ ತಲೆ ಕೆರೆದುಕೊಂಡ. "ಚಾಚಾ, ಎರಡೂ ಸಲ ಟಾಂಕಿ ಮುಚ್ಚಳ ತೆಗೆದಿತ್ತು."

ಸುಲ್ತಾನಸಾಬ ಎದ್ದು ಮುಚ್ಚಳ ತಿರುವಿದ. ಟಾಂಕಿ ಸುಂಯ್ ಎಂದು ದೊಡ್ಡ ಉಸಿರೆಳೆದುಕೊಂಡಿತು. ಮುದುಕ ಮುಚ್ಚಳವನ್ನು ಬಿಸಿಲಿಗೆ ಹಿಡಿದ. ಅದರ ಮೇಲೆ ಬೆರಳು ದಪ್ಪದ ಕುಂಕುಮ.

"ಇದೇನ್ರೀ ಸಾವ್ಕಾರ್ರ?"

"ಅಮಾಸಿ ಅಮಾಸಿಗಿ ಪೂಜಿ ಮಾಡ್ತೀನಿ. ಉಣ್ಣೂ ಬಾಯಿ ಅಲ್ಲೇನು? ಮೊದಲ ಅದಕ್ಕೇ ಹಚ್ಚೂದು."

"ಇದರಾಗ ಗಾಳಿ ಹೋಗಾಕ ಒಂದ ಸಣ್ಣ ತೂತ ಇರ್ತೈತ್ರಿ. ಪೆಟ್ರೋಲ್ ಖಾಲಿ ಆದಂಗ ಗಾಳಿ ಒಳಗ ಹೋಗಬೇಕು. ನೀವು ತೂತ ಮುಚ್ಚೀರಿ. ಬಿಸಿ ಅಲ್ಲ, ಗಿಸಿ ಅಲ್ಲ. ಉಸಿರ ಕಟ್ಟೈತಿ."

ಬಸವಂತ್ರಾಯರ ಮುಖ ಬಾಡಿತು. ಮರುಕ್ಷಣವೇ ಅರಳಿತು. "ಅಂದ್ರ ಕಾರಿನಾಗ ದೋಷ ಇಲ್ಲ! ಭಕ್ತಿ ಹೆಚ್ಚಾಗಿತ್ತು, ಅಷ್ಟ!"

ಸುಲ್ತಾನಸಾಬ ಸೂಜಿಯಿಂದ ತೂತು ಬಿಡಿಸಿದ. "ಬ್ಯಾಟರಿ ಸತ್ತೈತಿ, ನೂಕಿ ಚಾಲೂ ಮಾಡ್ರಿ. ಆದ್ರ ಸುರಪುರ ಮುಟ್ಟೂತನ ಎಲ್ಲೂ ನಿಂದ್ರಸಬ್ಯಾಡ್ರಿ."

ನೂಕಿದರು. ಕಾರು ಒಮ್ಮೆ ಗುಡುಗಿ, ಹುಡುಗನ ಹಾಗೆ ಜಿಗಿದು ಓಡಿತು. ಬಸವಂತ್ರಾಯರ ಕಣ್ಣು ತುಂಬಿ ಬಂತು. ತಂದೆಯ ಕಾಲದಲ್ಲೂ ಅದು ಹೀಗೆ ಓಡಿದ್ದಿಲ್ಲ. ಪಕ್ಕದ ಸೀಟು ಖಾಲಿಯಿರುವುದು ಕಂಡಿತು. ಅಸದ ಹಿಂದೆ ಗೆಳೆಯನ ಹತ್ತಿರ ಕೂತಿರಬೇಕು ಎಂದುಕೊಂಡರು.

"ನೋಡಿದ್ಯಾ ದೇವಿಂದ್ರ, ನಿನ್ನ ಮಾವನ ಕಾರು?" ಎಂದರು. ಹಿಂದಿನಿಂದ ಉತ್ತರವಿಲ್ಲ. ಹುಡುಗ ನಾಚಿಕೆಯವನು. ಬಸವಂತ್ರಾಯರು ಸಂಸಾರ, ಸಹನೆ, ಹಳೆಯ ಕಬ್ಬಿಣದ ಗಟ್ಟಿತನ ಎಲ್ಲದರ ಮೇಲೂ ನಾಲ್ಕು ಬುದ್ಧಿಮಾತು ಹೇಳಿದರು. ಹೀಗೆ ನಡುವೆ ಬಾಯಿ ಹಾಕದೆ ಕೇಳುವವರು ಅವರಿಗೆ ಈವರೆಗೆ ಸಿಕ್ಕಿರಲಿಲ್ಲ.

ಜೇಬಿನಲ್ಲಿ ಫೋನು ಒಂದೇ ಸಮ ಬಡಿದುಕೊಂಡಿತು. ಕಾರು ಓಡಿಸುವಾಗ ಫೋನೆತ್ತುವ ಜಾತಿ ಅವರದಲ್ಲ. ಬೈಕಿನವರು ಪಕ್ಕಕ್ಕೆ ಬಂದು ಕೂಗಿದರು. ಹಳೆಯ ಕಾರಿನ ಅಭಿಮಾನಿಗಳೆಂದು ಬಸವಂತ್ರಾಯರು ಅವರಿಗೆ ಕೈ ಮುಗಿದರು.

ಎದುರಿನಿಂದ ಅಂಬ್ರಪ್ಪನ ಬಿಳಿ ಕಾರು ಸರ್ರನೆ ಹಾದುಹೋಯಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹಾರ್ನ್ ಕೇಳಿ ಕಿಟಕಿಯಿಂದ ಇಣುಕಿದರೆ, ಅದೇ ಕಾರು.

"ಹೊಟ್ಟಿ ಉರಿ ನೋಡು ಅವನಿಗಿ! ರೇಸ್ ಕಟ್ಟ್ಯಾನ!" ಎಂದು ಬಸವಂತ್ರಾಯರು ದಾರಿ ಬಿಡದೆ ಒತ್ತಿದರು. ಕೊನೆಗೂ ಬಿಳಿ ಕಾರು ಮುಂದೆ ನುಗ್ಗಿತು. ಅದರ ಕಿಟಕಿಯಿಂದ ಕೈಯೊಂದು ಹೊರಬಂದು ಜೋರಾಗಿ ಬೀಸಿತು. ಇವರೂ ದೊಡ್ಡ ಮನಸ್ಸಿನಿಂದ ಕೈ ಬೀಸಿದರು.

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಕೆನೆಬಣ್ಣದ ಕಾರು ಮಂಟಪದ ಮುಂದೆ ನಿಂತಿತು. ಬಾಜಾ ಆಗಲೇ ಬಾರಿಸುತ್ತಿದ್ದರು. ನನಗಾಗಿಯೇ ಎಂದುಕೊಂಡು ಬಸವಂತ್ರಾಯರು ಮೀಸೆ ತೀಡಿ ಇಳಿದು, ಬೀಗರೆಲ್ಲ ನೋಡುತ್ತಿರಲು ಬಾಗಿ ಹಿಂದಿನ ಬಾಗಿಲು ತೆರೆದರು.

ಸೀಟಿನ ಮೇಲೆ ಒಂದು ಪೇಟ ಮಾತ್ರ ಕೂತಿತ್ತು.

"ಮಾವಾರ, ಅದನ್ನಿಷ್ಟ ಕೊಡ್ರಿ" ಎಂಬ ದನಿ ಕೇಳಿ ತಿರುಗಿದರು. ಅಂಬ್ರಪ್ಪನ ಕಾರಿನ ಪಕ್ಕ ದೇವಿಂದ್ರ ನಿಂತಿದ್ದ. ಮೈಯೆಲ್ಲ ಧೂಳು, ಅಂಗೈ ತುಂಬ ಕಪ್ಪು. ಅವನ ಹಿಂದೆ ಅಸದ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. "ಅರ್ಧ ಮೈಲಿ ಓಡಿದಿವ್ರಿ ನಿಮ್ಮ ಹಿಂದ" ಎಂದ.

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಬ್ರಪ್ಪ ನಗದೆ ಗಂಭೀರವಾಗಿ ನಿಂತಿದ್ದ. ಅದು ಇನ್ನೂ ಕೆಟ್ಟದಾಗಿತ್ತು.

ಸೌಭಾಗ್ಯ ನಿಧಾನವಾಗಿ ಬಂದಳು. ಬಸವಂತ್ರಾಯರು ಅವಳು ಬಾಯಿ ತೆರೆಯುವ ಮೊದಲೇ ಹೇಳಿದರು, "ಆಣಿ ಮಾಡಿ ಹೇಳ್ತೀನಿ ಸೌಭಾಗ್ಯ, ರಿಪೇರಿ ಆದಮ್ಯಾಲ ಒಂದ ಸಲನೂ ನಿಂದ್ರಲಿಲ್ಲ!"

"ಗೊತ್ತಾತ್ರಿ" ಎಂದಳು ಅವಳು. "ಒಮ್ಮಿ ನಿಂತಿದ್ರ ಹುಡುಗ ಓಡಿ ಬಂದು ಹತ್ತಿರ್ತಿದ್ದ."