ನಾನು ಹೆಣೆದ ಬಲೆಗಳ ಗತಿ

ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆ ಇದ್ದ ಸೋಮವಾರ ನಾನು ಮೊದಲ ಸಲ ಮನೆ ಬಿಟ್ಟು ಹೊರಟೆ. ಹೊನ್ನಾಳಿಯ ಹೊಳೆದಂಡೆಯಲ್ಲಿ ಮೀನು ಹಿಡಿಯುವ ಅಜ್ಜನೊಬ್ಬ ಬಲೆ ಹೆಣೆಯುವುದು ಕಲಿಸಿದ. ಅಲ್ಲಿಂದ ವರ್ಷಗಟ್ಟಲೆ ಊರೂರು ಸುತ್ತಿ, ಕೇಳಿದವರಿಗೆ ಕೇಳಿದ ಅಳತೆಯಲ್ಲಿ ಹೆಣೆದುಕೊಟ್ಟೆ. ಯಾತಕ್ಕೆಂದು ಮಾಡಿಸಿಕೊಂಡರೋ ಅದಕ್ಕೇ ಬಳಸಿದ ಪುಣ್ಯಾತ್ಮ ಮಾತ್ರ ಒಬ್ಬನೂ ಸಿಗಲಿಲ್ಲ. ನನ್ನ ಮೊಟ್ಟಮೊದಲ ಮೀನುಬಲೆಯನ್ನು ಕಲಿಸಿದ ಅಜ್ಜನೇ ಮಾಳಿಗೆ ಮೇಲೆ ಹೆಂಡತಿಯ ಸಂಡಿಗೆಗೆ ಹೊದಿಸಿದ್ದ. "ಮೀನು ಹೊಳೆಯಾಗೇ ಇರ್ತಾವೆ ಕಣಲೇ, ಕಾಗೆ ಈಗ ಬಂದಾವೆ" ಅಂದ.

ತೊಟ್ಟಿಲು

ಚನ್ನಗಿರಿಯ ಅಡಿಕೆ ಮಂಡಿ ಸಾಹುಕಾರರು ಮೊಮ್ಮಗನಿಗೆ ಬಲೆಯ ತೊಟ್ಟಿಲು ಬೇಕೆಂದರು. ಕೂಸಿನ ಮೈಗೆ ಒತ್ತಬಾರದೆಂದು ಮೆತ್ತನೆ ಹತ್ತಿ ದಾರ, ಕಾಲು ಸಿಕ್ಕಬಾರದೆಂದು ಒಂದು ಬೆರಳು ತೂರುವಷ್ಟೇ ಕಣ್ಣು. ಎಂಟು ದಿನ ಕೂತು ಹೆಣೆದೆ. ವಾರ ಬಿಟ್ಟು ಹೋದರೆ ತೊಟ್ಟಿಲಲ್ಲಿ ರೇಡಿಯೋ ಮಲಗಿದೆ, ಕೂಸು ಅಡಿಕೆ ಚೀಲದ ಮೇಲಿದೆ.

"ಇದೇನ್ರೀ ಸಾವ್ಕಾರ್ರೆ?"

"ಕೆಳಗಿಟ್ರೆ ಬರೀ ಗರಗರ. ಮೇಲೆ ತೂಗುಹಾಕಿದ್ರೆ ವಾರ್ತೆ ಹೆಂಗೆ ಕೇಳ್ತೈತೆ ನೋಡು!"

ಅಷ್ಟರಲ್ಲಿ ಕೂಸು ಅಳತೊಡಗಿತು. ಒಳಗಿಂದ ಅಜ್ಜಿ ಕೂಗಿದರು: "ರೀ, ಒಂಚೂರು ತೂಗ್ರೀ!"

ಸಾಹುಕಾರರು ಕೈಚಾಚಿ ರೇಡಿಯೋ ತೂಗಿದರು.

ವಾಲಿಬಾಲ್ ನೆಟ್ಟು

ನ್ಯಾಮತಿ ದಾಟಿ ಸವಳಂಗದ ಹತ್ತಿರದ ಹಳ್ಳಿಶಾಲೆ. ಹೆಡ್‌ಮಾಸ್ತರು ವಾಲಿಬಾಲ್ ನೆಟ್ಟು ಹೆಣೆಸಿದರು. ಮತ್ತೆ ಹೋದಾಗ ಬಯಲಲ್ಲಿ ಬರೀ ಕಂಬ. ನೆಟ್ಟು ಶಾಲೆಯ ಒಳಗೆ, ಇದ್ದ ಒಂದೇ ಕೋಣೆಯ ನಡುವೆ! ಈಚೆ ಮೂರನೇ ಕ್ಲಾಸು, ಆಚೆ ನಾಲ್ಕನೇ ಕ್ಲಾಸು.

"ಆಟ ಆಡಾಕೆ ಅಂದಿದ್ರಲ್ಲ ಸಾರ್?"

"ಚೆಂಡು ಇನ್ನೂ ಮಂಜೂರಾಗಿಲ್ಲಪ್ಪ. ಅದಿರ್ಲಿ, ಕಣ್ಣು ಯಾಕಿಷ್ಟು ದೊಡ್ಡದು ಇಟ್ಟೀಯ? ಬಳಪ ಎಲ್ಲ ಆ ಕಡೆಗೆ ಹೋಗ್ತಾವೆ!"

ನನಗೇ ಬೈಗುಳ! ಅವತ್ತೇ ಆಣೆ ಮಾಡಿದೆ. ನನ್ನ ಒಂದೇ ಒಂದು ಬಲೆ ತನ್ನ ಕೆಲಸ ತಾನು ಮಾಡುವುದನ್ನು ಎಲ್ಲಿ ಕಾಣುತ್ತೇನೋ, ಆ ಊರಲ್ಲೇ ನೆಲೆ ನಿಲ್ಲುವುದು. ಹೆಣ್ಣು ನೋಡೆಂದು ಅವ್ವನಿಗೆ ಕಾಗದ ಹಾಕುವುದು.

ಕುರಿಬಲೆ

ಜಗಳೂರಿನ ಕಡೆ ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವಾಗ ಸುತ್ತ ಬಲೆ ಕಟ್ಟುತ್ತಾರೆ. ಅಲ್ಲಿ ಕುರಿ ಕಾಯುವ ಅಜ್ಜರೊಬ್ಬರು ನಾಲ್ಕು ಬೆರಳ ಕಣ್ಣಿನ ಬಲೆ ಹೇಳಿದರು. "ಚಂದಾಗಿ ಮಾಡಿದ್ರೆ ಇಲ್ಲೇ ಇದ್ದುಬಿಡು. ನಮ್ಮ ಪಕ್ಕದ ಮನೆ ಖಾಲಿ ಐತೆ" ಅಂತಲೂ ಅಂದರು. ಕುರಿಬಲೆ ಇನ್ಯಾತಕ್ಕೆ ತಾನೇ ಆದೀತು? ಬಲೆ ಹೆಣೆದುಕೊಟ್ಟು, ಅವ್ವನಿಗೆ ಕಾಗದ ಬರೆದು ಜೇಬಲ್ಲಿಟ್ಟುಕೊಂಡೆ. ಬಲೆ ಕಟ್ಟಿದ್ದನ್ನು ಕಣ್ಣಾರೆ ನೋಡಿ ಅಂಚೆ ಡಬ್ಬಿಗೆ ಹಾಕುವುದೆಂದು ಮರುದಿನ ಮಧ್ಯಾಹ್ನ ಹೊಲಕ್ಕೆ ಹೋದೆ.

ಗೂಟ ಬಿಗಿಯಾಗಿತ್ತು, ಬಲೆ ಬಿಗಿಯಾಗಿತ್ತು. ಕುರಿಗಳೆಲ್ಲ ಹೊರಗಿದ್ದವು. ಒಳಗೆ ಅಜ್ಜರೊಬ್ಬರೇ ಚಕ್ಕಳಮಕ್ಕಳ ಹಾಕಿ ರೊಟ್ಟಿ ತಿನ್ನುತ್ತಿದ್ದರು. ಇಡೀ ಮಂದೆ ಬಲೆಗೆ ಮೂತಿ ಒತ್ತಿಕೊಂಡು ನೋಡುತ್ತಿತ್ತು.

"ಅಜ್ಜಾರೆ, ಕುರಿ ಹೊರಗೆ, ನೀವು ಒಳಗೆ!"

"ಅವು ಎಲ್ಲಿಗೆ ಹೋದಾವು? ಸೀಟಿ ಹೊಡೆದ್ರೆ ಬರ್ತಾವೆ. ನನ್ನ ರೊಟ್ಟಿಗೆ ಯಾವ ಕುರೀನೂ ಬಾಯಿ ಹಾಕದಂಗೆ ಉಂಡಿದ್ದು ಇವತ್ತೇ ನೋಡು. ಬಾ, ನೀನೂ ಒಳಗೆ ಕೂರು."

ಇನ್ನೇನು ಮಾಡಲಿ, ಬಲೆಗೆ ಒತ್ತಿಕೊಂಡೇ ಕೂತೆ. ಶೇಂಗಾ ಚಟ್ನಿ ಚೆನ್ನಾಗಿತ್ತು. ಎರಡನೇ ತುತ್ತು ಬಾಯಿಗಿಡುವಷ್ಟರಲ್ಲಿ ಒಂದು ಮರಿ ಬಲೆಯ ಕಣ್ಣಲ್ಲಿ ಮೂತಿ ತೂರಿಸಿ, ಅವ್ವನಿಗೆ ಬರೆದು ಜೇಬಲ್ಲಿಟ್ಟಿದ್ದ ಕಾಗದ ಎಳೆದುಕೊಂಡು ಅಗಿಯತೊಡಗಿತು.

"ನೋಡ್ದಾ?" ಅಂದರು ಅಜ್ಜ. "ಮುಂದಿನ ಬಲೆಗೆ ಎರಡೇ ಬೆರಳ ಕಣ್ಣು ಇಡು."

"ಇನ್ನೊಂದು ಬಲೆ ಯಾತಕ್ಕೆ?"

"ನಮ್ಮ ನಾಯಿಗೆ. ಪಾಪ, ಅದೂ ನೆಮ್ಮದಿಯಾಗಿ ಉಣ್ಣಬೇಕಲ್ಲ!"

ರೊಟ್ಟಿ ಮುಗಿಸಿದವನೇ ಎದ್ದು ಬಂದು, ದಾರದ ಉಂಡೆ, ಹೆಣೆಯುವ ಕಡ್ಡಿ ಎಲ್ಲ ಚೀಲಕ್ಕೆ ತುರುಕಿದೆ. ಸಿಕ್ಕ ಬಸ್ಸು ಹತ್ತಿದೆ, ಯಾವ ಊರಿಗೆ ಅಂತಲೂ ಕೇಳಲಿಲ್ಲ.